ಸರಪಳಿ ಬಿಗಿದ ಮೊಸಳೆ: ನೀಮ್ ನಗರದ ಲಾಂಛನ ಬಂದದ್ದೆಲ್ಲಿಂದ?

[ದೃಶ್ಯ: ಬೀದಿಯ ಕಲ್ಲುಹಾಸಿನಲ್ಲಿ ಕೂರಿಸಿದ ಲೋಹದ ಬಿಲ್ಲೆ]

ಬಿಲ್ಲೆಯ ಮೇಲೆ ಮೊಸಳೆ, ಅದರ ಬೆನ್ನಿಗೆ ಒಂದು ತಾಳೆ ಮರ. ದಕ್ಷಿಣ ಫ್ರಾನ್ಸಿನ ನೀಮ್‌ನಲ್ಲಿ ಈ ಜೋಡಿ ಹೋದಲ್ಲೆಲ್ಲ ಎದುರಾಗುತ್ತದೆ. ಊರಿನ ಫುಟ್‌ಬಾಲ್ ತಂಡವನ್ನು ಅಭಿಮಾನಿಗಳು ಕರೆಯುವುದೇ 'ಮೊಸಳೆಗಳು' ಎಂದು. ಪುರಭವನದ ಮೆಟ್ಟಿಲ ಮೇಲಂತೂ ಛಾವಣಿಯಿಂದ ಒಣಗಿಸಿದ ನಿಜವಾದ ಮೊಸಳೆಗಳೇ ತೂಗುತ್ತಿವೆ. ಇಷ್ಟಾಗಿಯೂ, ಸುತ್ತಮುತ್ತಲಿನ ಯಾವ ಹೊಳೆಯಲ್ಲೂ ಮೊಸಳೆಯಿಲ್ಲ.

[ದೃಶ್ಯ: ರೋಮನ್ ನಾಣ್ಯ, ಮುಂಭಾಗ]

ಉತ್ತರ ಈ ನಾಣ್ಯದಲ್ಲಿದೆ. ಎರಡು ಸಾವಿರ ವರ್ಷಗಳ ಹಿಂದೆ ಇದೇ ಊರಿನಲ್ಲಿ ಟಂಕಿಸಿದ್ದು. ಬೆನ್ನಿಗೆ ಬೆನ್ನು ತಾಗಿಸಿರುವ ಇಬ್ಬರಲ್ಲಿ ಒಬ್ಬ ಚಕ್ರವರ್ತಿ ಆಗಸ್ಟಸ್, ಇನ್ನೊಬ್ಬ ಅವನ ಸೇನಾಪತಿ ಅಗ್ರಿಪ್ಪ.

[ನಾಣ್ಯ ತಿರುಗುತ್ತದೆ]

ಹಿಂಭಾಗದಲ್ಲಿ ತಾಳೆಗೆ ಸರಪಳಿಯಿಂದ ಕಟ್ಟಿದ ಮೊಸಳೆ. ಕ್ರಿ.ಪೂ. 31ರಲ್ಲಿ ಆಕ್ಟಿಯಂ ಕಡಲ ಕಾಳಗದಲ್ಲಿ ರೋಮಿನ ಸೇನಾನಿ ಆಂಟನಿ ಮತ್ತು ಈಜಿಪ್ಟಿನ ರಾಣಿ ಕ್ಲಿಯೋಪಾತ್ರಾ ಆಗಸ್ಟಸನ ಪಡೆಗೆ ಸೋತರು. ಮರುವರ್ಷ ಈಜಿಪ್ಟ್ ರೋಮಿನ ವಶವಾಯಿತು. ನೈಲ್ ನದಿಯ ಮೊಸಳೆಯೆಂದರೆ ಈಜಿಪ್ಟ್, ಸರಪಳಿಯೆಂದರೆ ಸೆರೆ. ಅಕ್ಷರ ಬಾರದವನಿಗೂ ಅರ್ಥವಾಗುವ ಜಾಹೀರಾತು! ಓದಬಲ್ಲವರಿಗೆ 'ಕೊಲ್', 'ನೆಮ್' ಎಂಬ ಎರಡು ತುಂಡು ಪದಗಳೂ ಇವೆ: ಕೊಲೋನಿಯಾ ನೆಮಾಸುಸ್, ಅಂದರೆ ನೆಮಾಸುಸ್ ಎಂಬ ರೋಮನ್ ವಸಾಹತು. ನೆಮಾಸುಸ್ ಇಲ್ಲಿನ ಚಿಲುಮೆಯ ದೇವತೆ. ನೀಮ್ ಎಂಬ ಹೆಸರು ಅವನಿಂದಲೇ ಬಂದದ್ದು.

[ದೃಶ್ಯ: ಅರ್ಧ ನಾಣ್ಯ]

ನನಗೆ ಇಷ್ಟವಾಗುವುದು ಈ ಹೋಳು ನಾಣ್ಯ. ಚಿಲ್ಲರೆ ಬೇಕಾದಾಗ ನಾಣ್ಯವನ್ನೇ ಕಡಿದು ಎರಡು ಮಾಡುತ್ತಿದ್ದರು. ಆಗಸ್ಟಸನ ಮಗಳನ್ನು ಮದುವೆಯಾದವನು ಅಗ್ರಿಪ್ಪ. ಹಾಗಾಗಿ ಮಾವ ಒಬ್ಬರ ಜೇಬಿಗೆ, ಅಳಿಯ ಇನ್ನೊಬ್ಬರ ಜೇಬಿಗೆ. ಪಾಪ, ಮೊಸಳೆಯ ತಲೆ ಒಂದು ಕಡೆ, ಬಾಲ ಮತ್ತೊಂದು ಕಡೆ.

ಈಜಿಪ್ಟಿನಲ್ಲಿ ಕಾದಾಡಿದ ಸೈನಿಕರಿಗೆ ಇಲ್ಲಿ ಜಮೀನು ಕೊಟ್ಟರು, ಅದರ ನೆನಪಿಗೆ ಮೊಸಳೆ ಎಂಬ ಕಥೆಯನ್ನು ಊರಿನಲ್ಲಿ ಇಂದಿಗೂ ಹೇಳುತ್ತಾರೆ. ಕಥೆ ಸೊಗಸಾಗಿದೆ, ಪುರಾವೆ ಗಟ್ಟಿಯಿಲ್ಲ. ನಾಣ್ಯ ಸಾರುವುದು ಚಕ್ರವರ್ತಿಯ ಗೆಲುವನ್ನಷ್ಟೇ.

[ದೃಶ್ಯ: ಕೆಂಪು ಹಿನ್ನೆಲೆಯ ಲಾಂಛನ]

ಶತಮಾನಗಳು ಉರುಳಿದವು. ನಗರದ ಲಾಂಛನದಲ್ಲಿ ಮೊದಲು ಇದ್ದದ್ದು ಗೂಳಿ. ಊರಿನವರು ಹಳೆಯ ನಾಣ್ಯದ ಚಿತ್ರವನ್ನೇ ಬೇಡಿದರು. 1535ರಲ್ಲಿ ದೊರೆ ಒಂದನೇ ಫ್ರಾನ್ಸ್ವಾ ಒಪ್ಪಿದ. ಮರ, ಮೊಸಳೆ, ಸರಪಳಿ, ಮರದ ಎರಡು ಬದಿಗೆ ಅದೇ ಎರಡು ತುಂಡು ಪದಗಳು, ಎಲ್ಲವೂ ನಾಣ್ಯದಿಂದ ಇಳಿದವು.

1980ರ ದಶಕದಲ್ಲಿ ವಿನ್ಯಾಸಕಾರ ಫಿಲಿಪ್ ಸ್ಟಾರ್ಕ್ ಇದನ್ನು ಕೆಲವೇ ಗೆರೆಗಳಿಗೆ ಇಳಿಸಿದ. ಮೊದಲು ತೋರಿಸಿದ ಬಿಲ್ಲೆಯನ್ನು ಈಗ ಇನ್ನೊಮ್ಮೆ ನೋಡಿ.

[ದೃಶ್ಯ: ಬಿಲ್ಲೆಯ ಮೇಲೆ ಹಾದುಹೋಗುವ ಚಪ್ಪಲಿ ಕಾಲುಗಳು]