ಕನ್ನಡಿ ಮೇಲೆದ್ದ ಗಳಿಗೆ

ಕೇಳುಗರಿಗೆ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಸದ್ದು ಕೇಳಿಸುತ್ತೇನೆ. ಸ್ಟುಡಿಯೊದವರ ಒಪ್ಪಿಗೆ ಪಡೆದೇ ಒಳಗೆ ತಂದಿದ್ದೇನೆ.

(ಕ್ಯಾಮೆರಾ ಶಟರಿನ ಸದ್ದು)

ಕೇಳಿಸಿತಲ್ಲ, ಸಟಕ್ ಅಂತ? ಮೊಬೈಲಿನಲ್ಲೂ ಫೋಟೊ ತೆಗೆದಾಗ ಇಂಥದೇ ಸದ್ದು ಬರುತ್ತದೆ. ಆದರೆ ಅದು ಮಿಮಿಕ್ರಿ. ಇದು ಅಸಲಿ. ಈ ಒಂದು ಸಟಕ್‌ನಲ್ಲಿ ನಾಲ್ಕು ಕೆಲಸ ಮುಗಿದುಹೋದವು. ಲೆನ್ಸಿನ ಹಿಂದಿನ ಕನ್ನಡಿ ಮೇಲೆದ್ದಿತು. ಲೆನ್ಸಿನೊಳಗಿನ ಲೋಹದ ಎಸಳುಗಳು ಬೇಕಾದಷ್ಟು ಕಿರಿದಾದವು. ಶಟರಿನ ಪರದೆ ತೆರೆದು ಮುಚ್ಚಿತು. ಕನ್ನಡಿ ಮತ್ತೆ ಕೆಳಗಿಳಿಯಿತು. ನೀವು ಕೇಳಿದ್ದರಲ್ಲಿ ಮುಕ್ಕಾಲು ಪಾಲು ಆ ಕನ್ನಡಿಯ ಗಲಾಟೆಯೇ.

ನನ್ನ ಕೈಯಲ್ಲಿರುವುದು ನಿಕಾನ್ ಎಫ್‌ಎಂ2. ಜಪಾನಿನವರು ಇದನ್ನು ಹೊರತಂದದ್ದು 1982ರಲ್ಲಿ. ನನ್ನ ಹತ್ತಿರ ಬಂದದ್ದು 1991ರಲ್ಲಿ, ಯಾರದೋ ಕೈಯಲ್ಲಿ ಸಾಕಷ್ಟು ಸವೆದ ಮೇಲೆ. ಮೂಲೆಗಳಲ್ಲಿ ಕಪ್ಪು ಬಣ್ಣ ಹೋಗಿ ಒಳಗಿನ ಲೋಹ ಇಣುಕುತ್ತಿದೆ. ಗುಂಡಿಯಂಥ ಎರಡು ಸೆಲ್ಲು ಹಾಕಬೇಕು, ಅದೂ ಬೆಳಕು ಅಳೆಯುವುದಕ್ಕೆ ಮಾತ್ರ. ಸೆಲ್ಲು ಸತ್ತರೂ ಕ್ಯಾಮೆರಾ ಸಾಯುವುದಿಲ್ಲ. ಸೆಕೆಂಡಿನ ನಾಲ್ಕು ಸಾವಿರದಲ್ಲಿ ಒಂದು ಭಾಗದಷ್ಟು ವೇಗದವರೆಗೂ ಬರೀ ಸ್ಪ್ರಿಂಗಿನ ಬಲದ ಮೇಲೆ ನಡೆಯುತ್ತದೆ. ಇವತ್ತಿಗೂ ನನಗೆ ಇದು ಸೋಜಿಗ.

ಆದರೆ ಇವತ್ತು ನಾನು ಹೇಳಬೇಕೆಂದಿರುವುದು ಬಾಡಿಯ ಕಥೆಗಿಂತ ಹೆಚ್ಚಾಗಿ ಅದರ ಮೂತಿಗೆ ಸಿಕ್ಕಿಸಿರುವ ಲೆನ್ಸಿನ ಕಥೆ. 28 ಎಂಎಂ. ಅಗಲದ ನೋಟ ಹಿಡಿಯುವ ಲೆನ್ಸು, ಫೋಟೊ ಸ್ಟುಡಿಯೊದವರ ಭಾಷೆಯಲ್ಲಿ 'ವೈಡು'.

ಇದನ್ನು ನನಗೆ ಕೊಟ್ಟವರು ತೀರ್ಥಹಳ್ಳಿ ಕಡೆ ಸ್ಟುಡಿಯೊ ಮುಚ್ಚುತ್ತಿದ್ದ ಹಿರಿಯರೊಬ್ಬರು. ಏನಕ್ಕೆ ಇದು ಅಂತ ಕೇಳಿದೆ. "ಮದುವೆ ಛತ್ರದಲ್ಲಿ ಬೆನ್ನು ಗೋಡೆಗೆ ತಾಗಿರ್ತದೆ, ಆದ್ರೂ ಗ್ರೂಪಿನಲ್ಲಿ ನಾಲ್ಕು ಜನ ಹೊರಗೇ ಉಳಿದಿರ್ತಾರೆ. ಆವಾಗ ಬೇಕು ಮಾರಾಯ್ರೆ, ಈ ವೈಡು" ಅಂದರು. ನಾನೂ ಹಾಗೇ ನಂಬಿದೆ. ಜನ ಹಿಡಿಸಲಿಕ್ಕೆ ಇರುವ ಲೆನ್ಸು ಅಂತ.

ನಂಬಿದ್ದರ ಫಲ ಮುಂದಿನ ತಿಂಗಳೇ ಸಿಕ್ಕಿತು. ಮಾವನ ಮಗಳ ಮದುವೆ. ಮಂಟಪದ ಎದುರು ಮೂವತ್ತು ಜನರನ್ನು ನಿಲ್ಲಿಸಿ, ಒಬ್ಬರೂ ತಪ್ಪದ ಹಾಗೆ ತೆಗೆದೆ. ಪ್ರಿಂಟು ಬಂದ ಮೇಲೆ ಬಲತುದಿಯಲ್ಲಿದ್ದ ಅತ್ತೆ ಫೋಟೊವನ್ನು ಒಮ್ಮೆ ದೂರ ಹಿಡಿದರು, ಒಮ್ಮೆ ಹತ್ತಿರ ಹಿಡಿದರು. "ಏನೋ ಇದು, ಎಲ್ಲರ ಮುಖ ಮುಖದ ಹಾಗಿದೆ, ನಂದು ಮಾತ್ರ ಹಲಸಿನ ಹಣ್ಣು ಮಾಡಿದೀಯಲ್ಲ!" ನಿಜವೇ. ಅತ್ತೆ ಅಡ್ಡಡ್ಡ ಹಿಗ್ಗಿದ್ದರು.

ಲೆನ್ಸು ಕೆಟ್ಟಿದೆಯೇನೋ ಅಂದುಕೊಂಡೆ. ಕೆಟ್ಟಿರಲಿಲ್ಲ. 28ರ ಲೆನ್ಸು ಮೂಲೆಯಿಂದ ಮೂಲೆಗೆ ಸುಮಾರು 75 ಡಿಗ್ರಿ ನೋಡುತ್ತದೆ. ಮಾಮೂಲಿ 50ರ ಲೆನ್ಸು ನೋಡುವುದು 46 ಡಿಗ್ರಿ. ಅಂಚಿನವರ ಬೆಳಕು ತೀರಾ ಓರೆಯಾಗಿ ಬಂದು ಚಪ್ಪಟೆ ಫಿಲ್ಮಿನ ಮೇಲೆ ಬೀಳುತ್ತದೆ, ಬಿದ್ದಾಗ ಎಳೆದುಕೊಳ್ಳುತ್ತದೆ. ಸಂಜೆ ಹೊತ್ತು ನಮ್ಮ ನೆರಳು ಅಂಗಳದ ಉದ್ದಕ್ಕೂ ಚಾಚುತ್ತದಲ್ಲ, ಹಾಗೆ. ಅಂಚಿನಲ್ಲಿಟ್ಟ ಚೆಂಡು ಕೂಡ ಮೊಟ್ಟೆಯಾಗುತ್ತದೆ. ಇದನ್ನೆಲ್ಲ ಅತ್ತೆಗೆ ವಿವರಿಸುವ ಧೈರ್ಯ ಮಾಡಲಿಲ್ಲ.

ಇಂಥ ಲೆನ್ಸನ್ನು ಈ ಬಗೆಯ ಕ್ಯಾಮೆರಾಕ್ಕೆ ಹೊಂದಿಸುವುದೇ ಒಂದು ಕಾಲಕ್ಕೆ ಆಗದ ಕೆಲಸವಾಗಿತ್ತು. ಅಡ್ಡ ಬಂದದ್ದು ಕನ್ನಡಿ. ಎಸ್‌ಎಲ್‌ಆರ್, ಅಂದರೆ ಹೀಗೆ ಒಳಗೆ ಕನ್ನಡಿ ಇರುವ ಕ್ಯಾಮೆರಾದ ಹೆಚ್ಚುಗಾರಿಕೆ ಏನೆಂದರೆ ಫೋಟೊ ತೆಗೆಯುವ ಲೆನ್ಸಿನಿಂದಲೇ ನಾವು ನೋಡುತ್ತೇವೆ. ಲೆನ್ಸಿನಿಂದ ಬಂದ ಬೆಳಕನ್ನು ಕನ್ನಡಿ ಮೇಲಕ್ಕೆ ತಿರುಗಿಸುತ್ತದೆ, ಅಲ್ಲಿ ಐದು ಮೂಲೆಯ ಗಾಜಿನ ಗಟ್ಟಿಯೊಂದು ಅದನ್ನು ನೆಟ್ಟಗೆ ಮಾಡಿ ಕಣ್ಣಿಗೆ ಕೊಡುತ್ತದೆ. ಆ ಕನ್ನಡಿ ಏಳಲು ಇಳಿಯಲು ಜಾಗ ಬೇಕು. ಅದಕ್ಕಾಗಿ ನಿಕಾನಿನಲ್ಲಿ ಲೆನ್ಸು ಕೂರುವ ಅಂಚಿಗೂ ಫಿಲ್ಮಿಗೂ ನಡುವೆ 46.5 ಮಿಲಿಮೀಟರ್ ಬಿಟ್ಟಿದ್ದಾರೆ. ಆದರೆ ಸಾದಾ 28ರ ಲೆನ್ಸು ದೂರದ ದೃಶ್ಯವನ್ನು ಸರಿಯಾಗಿ ಮೂಡಿಸಬೇಕಾದರೆ ಫಿಲ್ಮಿನಿಂದ 28 ಮಿಲಿಮೀಟರಿನಷ್ಟು ಹತ್ತಿರ ಇರಬೇಕು. ಅಂದರೆ ಕನ್ನಡಿಯ ಜಾಗದಲ್ಲೇ ಹೋಗಿ ಕೂರಬೇಕು. ಒಂದೇ ಕುರ್ಚಿಗೆ ಇಬ್ಬರು.

1959ರಲ್ಲಿ ನಿಕಾನ್ ಎಫ್ ಬಂದ ಹೊಸದರಲ್ಲಿ ಇದಕ್ಕೊಂದು ಒರಟು ಪರಿಹಾರ ಇತ್ತು. 21ರ ಒಂದು ಲೆನ್ಸು, ಅದರ ಬಾಲ ಕ್ಯಾಮೆರಾದೊಳಗೆ ಫಿಲ್ಮಿನ ಹತ್ತಿರದವರೆಗೂ ಚಾಚಿಕೊಂಡಿರುತ್ತಿತ್ತು. ಅದನ್ನು ಹಾಕಬೇಕಾದರೆ ಮೊದಲು ಕನ್ನಡಿಯನ್ನು ಮೇಲೆತ್ತಿ ಬಿಗಿಯಬೇಕು. ಕನ್ನಡಿ ಎದ್ದ ಮೇಲೆ ಕಣ್ಣಿಗೆ ಕತ್ತಲು. ಹಾಗಾಗಿ ಕ್ಯಾಮೆರಾದ ನೆತ್ತಿಯ ಮೇಲೆ ಬೇರೆಯೇ ಒಂದು ಕಿಂಡಿ ಸಿಕ್ಕಿಸಿ ಅದರಲ್ಲಿ ನೋಡುವುದು. ಲೆನ್ಸಿನಿಂದಲೇ ನೋಡುವ ಕ್ಯಾಮೆರಾ ಅಂತ ದುಡ್ಡು ಕೊಟ್ಟು ತಂದು, ಲೆನ್ಸಿನಿಂದ ನೋಡಲಾಗದ ಸ್ಥಿತಿ! ಎತ್ತು ಕೊಂಡು ತಂದು ತಾನೇ ನೊಗ ಹೊತ್ತ ಹಾಗೆ.

ಜಾಣ ಪರಿಹಾರ ಅದಕ್ಕೂ ಮೊದಲೇ ಫ್ರಾನ್ಸಿನಲ್ಲಿ ಸಿಕ್ಕಿತ್ತು. ಪಿಯರ್ ಆಂಜೆನಿಯು ಎಂಬುವರು 1950ರಲ್ಲಿ 35 ಎಂಎಂ ಲೆನ್ಸೊಂದನ್ನು ಹೊರತಂದು ಅದಕ್ಕೆ ರೆಟ್ರೊಫೋಕಸ್ ಅಂತ ಹೆಸರಿಟ್ಟರು. ಚಿಕ್ಕವರಿದ್ದಾಗ ಜಾತ್ರೆಯಲ್ಲಿ ಕೊಂಡ ದುರ್ಬೀನನ್ನು ಹಿಂದುಮುಂದಾಗಿ ಹಿಡಿದು ನೋಡಿದ್ದೀರಾ? ಎದುರಿಗಿರುವ ತಮ್ಮ ಅಷ್ಟು ದೂರದಲ್ಲಿ ಇಷ್ಟೇ ಇಷ್ಟಾಗಿ ಕಾಣುತ್ತಾನೆ. ಆಂಜೆನಿಯು ಮಾಡಿದ್ದೂ ಅದೇ ತರ್ಕದ ಕೆಲಸ. ಮುಂಭಾಗದಲ್ಲಿ ಬೆಳಕನ್ನು ಹರಡುವ ತಗ್ಗು ಗಾಜು, ಹಿಂಭಾಗದಲ್ಲಿ ಅದನ್ನು ಮತ್ತೆ ಕೂಡಿಸುವ ಉಬ್ಬು ಗಾಜು. ಹೀಗೆ ಮಾಡಿದರೆ ನೋಟ ಅಗಲವಾಗಿಯೇ ಉಳಿಯುತ್ತದೆ, ಲೆನ್ಸು ಮಾತ್ರ ಫಿಲ್ಮಿನಿಂದ ದೂರ ನಿಲ್ಲುತ್ತದೆ. ಕನ್ನಡಿಗೆ ಕುರ್ಚಿ ಸಿಕ್ಕಿತು. ಒಂದು ಲೆನ್ಸಿನ ಹೆಸರಾಗಿದ್ದ ರೆಟ್ರೊಫೋಕಸ್, ಬರುಬರುತ್ತಾ ಇಂಥ ಎಲ್ಲ ಲೆನ್ಸುಗಳಿಗೂ ಹೆಸರಾಯಿತು.

ಇಂಥ ಲೆನ್ಸುಗಳಿಗೆ ಒಂದು ಖಾಯಿಲೆ ಇತ್ತು. ದೂರದ್ದನ್ನು ಚೆನ್ನಾಗಿ ತೋರಿಸುತ್ತಿದ್ದವು, ಹತ್ತಿರ ಹೋದರೆ ಅಂಚುಗಳು ಕದಡಿಹೋಗುತ್ತಿದ್ದವು. ನಿಕಾನಿನವರು 1967ರ 24 ಎಂಎಂ ಲೆನ್ಸಿನಲ್ಲಿ ಇದಕ್ಕೆ ಮದ್ದು ಕಂಡುಕೊಂಡರು. ಹತ್ತಿರಕ್ಕೆ ಫೋಕಸ್ ಮಾಡಿದಂತೆ ಒಳಗಿನ ಗಾಜುಗಳ ನಡುವಿನ ಅಂತರವೇ ಬದಲಾಗುವ ಹಾಗೆ ಮಾಡಿದರು. ಆ ಲೆನ್ಸಿನ ಮೇಲೆ 'ನಿಕ್ಕೋರ್-ಎನ್' ಅಂತ ಕೆತ್ತಿರುತ್ತದೆ. ನಿಕ್ಕೋರ್ ಅನ್ನುವುದು ನಿಕಾನಿನವರು ತಮ್ಮ ಲೆನ್ಸುಗಳಿಗೆ ಇಟ್ಟ ಹೆಸರು. ಎನ್ ಎಂದರೆ ಏನು? ಲ್ಯಾಟಿನಿನ ನೋವೆಮ್, ಒಂಬತ್ತು. ಒಳಗೆ ಒಂಬತ್ತು ಗಾಜುಗಳಿವೆ ಅಂತ ಲೆಕ್ಕ. ಎಸ್ ಇದ್ದರೆ ಸೆಪ್ಟೆಮ್, ಏಳು. ಓ ಇದ್ದರೆ ಆಕ್ಟೊ, ಎಂಟು. ನೋವೆಮ್, ಸೆಪ್ಟೆಮ್, ಆಕ್ಟೊ. ನವ, ಸಪ್ತ, ಅಷ್ಟ. ಜಪಾನಿನ ಕಾರ್ಖಾನೆಯವರು ರೋಮಿನಿಂದ ತಂದ ಅಕ್ಷರ ನಮ್ಮ ನವಗ್ರಹದ ನೆಂಟ. ಈ ಪದ್ಧತಿಯನ್ನು ಎಪ್ಪತ್ತರ ದಶಕದಲ್ಲಿ ಕೈಬಿಟ್ಟರು. ಕೈಬಿಡಬಾರದಿತ್ತು ಅನ್ನುವುದು ನನ್ನ ಅಭಿಪ್ರಾಯ, ಯಾರೂ ಕೇಳಿಲ್ಲ.

ನನ್ನ 28ರಲ್ಲಿ ಎಂಟು ಗಾಜು, ಅದೇ ಮದ್ದು. ಫಿಲ್ಮಿನಿಂದ 20 ಸೆಂಟಿಮೀಟರ್ ದೂರದ ವಸ್ತುವಿನವರೆಗೂ ಫೋಕಸ್ ಆಗುತ್ತದೆ. ಕ್ಯಾಮೆರಾದ ದಪ್ಪ, ಲೆನ್ಸಿನ ಉದ್ದ ಕಳೆದರೆ ಲೆನ್ಸಿನ ಮೂತಿಗೂ ಹೂವಿಗೂ ನಡುವೆ ಒಂದು ಗೇಣೂ ಉಳಿಯುವುದಿಲ್ಲ. ಜನ ಹಿಡಿಸಲಿಕ್ಕೆ ಮಾತ್ರ ಇರುವ ಲೆನ್ಸಾಗಿದ್ದರೆ ಇಷ್ಟು ಕಷ್ಟಪಟ್ಟು ಹತ್ತಿರದ ನೋಟವನ್ನು ಯಾಕೆ ತಿದ್ದುತ್ತಿದ್ದರು?

ಅದು ನನಗೆ ಅರ್ಥವಾದದ್ದು ಶಿವಮೊಗ್ಗದಲ್ಲಿ, ಗಾಂಧಿ ಬಜಾರಿನ ಕಡೆ, ಗೌರಿ ಹಬ್ಬದ ಹಿಂದಿನ ದಿನ. ಹೂವು ಮಾರುತ್ತಿದ್ದ ಹೆಂಗಸೊಬ್ಬರ ಫೋಟೊವನ್ನು ರಸ್ತೆಯ ಆಚೆ ಬದಿಯಿಂದ ತೆಗೆಯಲು ನೋಡಿದೆ. ವೈಡಿನಲ್ಲಿ ನೋಡಿದರೆ ಅವರು ಕಾಳಿನಷ್ಟು, ಉಳಿದದ್ದೆಲ್ಲ ಸ್ಕೂಟರು, ಬ್ಯಾನರು, ಕರೆಂಟು ಕಂಬ. ಒಂದೊಂದೇ ಹೆಜ್ಜೆ ಮುಂದಿಟ್ಟೆ. ಕೊನೆಗೆ ಬುಟ್ಟಿಯ ಎದುರು ಕುಕ್ಕರಗಾಲಲ್ಲಿ ಕೂತೆ. ಮಲ್ಲಿಗೆ ದಂಡೆ ಲೆನ್ಸಿನಿಂದ ಎರಡಡಿ ದೂರ, ಹಿಂದಿನ ಅಂಗಡಿಯ ಗೋಡೆ ಇಪ್ಪತ್ತಡಿ. ಅಂದರೆ ಗೋಡೆ ಹೂವಿಗಿಂತ ಹತ್ತು ಪಟ್ಟು ದೂರ. ಹಾಗಾಗಿ ಹೂವು ಮೊರದಷ್ಟು ದೊಡ್ಡದಾಗಿ ಮುಂದೆ ಬಂತು, ಬಜಾರು ಪುಟ್ಟದಾಗಿ ಹಿಂದೆ ಸರಿಯಿತು. ಅದೇ ನಾನು ಹದಿನೆಂಟಡಿ ಹಿಂದೆ ನಿಂತಿದ್ದರೆ ಹೂವು ಇಪ್ಪತ್ತಡಿ, ಗೋಡೆ ಮೂವತ್ತೆಂಟಡಿ. ಎರಡು ಪಟ್ಟೂ ಇಲ್ಲ, ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಈ ಆಟ ಲೆನ್ಸಿನದಲ್ಲ, ನಾವು ನಿಂತ ಜಾಗದ್ದು. ವೈಡು ಮಾಡುವುದಿಷ್ಟೆ, ಅಷ್ಟು ಹತ್ತಿರ ನಿಂತರೂ ಹಿಂದಿನ ಬಜಾರನ್ನು ಬಿಟ್ಟುಕೊಡುವುದಿಲ್ಲ.

ಆ ಹೆಂಗಸು ನನ್ನನ್ನೇ ನೋಡುತ್ತಿದ್ದರು. "ಏನಣ್ಣ, ಇಷ್ಟು ಹತ್ರ ಬಂದ್ಮೇಲೆ ಒಂದು ಮೊಳನಾದ್ರೂ ತಗೊಳ್ರಿ" ಅಂದರು. ಎರಡು ಮೊಳ ತಗೊಂಡೆ. ಮೊಳ ಹಾಕುವಾಗ ಚಾಚಿದ ಅವರ ಮೊಣಕೈ ಬಹುತೇಕ ನನ್ನ ಲೆನ್ಸಿಗೇ ತಾಗುವಂತಿತ್ತು. ಆ ಫೋಟೊ ಈಗಲೂ ನನ್ನ ಬಳಿ ಇದೆ. ಫಿಲ್ಮು ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ಕಪ್ಪು-ಬಿಳುಪು 'ಇಂದು'. ಆ ಕಾರ್ಖಾನೆ ಈಗ ಇಲ್ಲ. ನೆಗೆಟಿವ್ ಇದೆ.

ಮಲೆನಾಡಿನಲ್ಲಿ ಹಳೇ ಲೆನ್ಸು ಇಟ್ಟುಕೊಳ್ಳುವವರಿಗೆ ಒಂದು ಮಾತು. ಒಂದು ಮಳೆಗಾಲ ನಾನು ಇದನ್ನು ಚರ್ಮದ ಚೀಲದಲ್ಲಿಟ್ಟು, ಭದ್ರವಾಗಿರಲಿ ಅಂತ ಬೀರುವಿನಲ್ಲಿಟ್ಟೆ. ದಸರೆಗೆ ತೆಗೆದು ಬೆಳಕಿಗೆ ಹಿಡಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಎಳೆಗಳು. ಬೂಷ್ಟು. ಚರ್ಮ ಆಷಾಢದ ತೇವವನ್ನೆಲ್ಲ ಕುಡಿದು ಲೆನ್ಸಿಗೆ ಉಣಿಸಿತ್ತು. ಬೂಷ್ಟು ಗಾಜಿನ ಮೇಲಿನ ತೆಳು ಲೇಪವನ್ನು ತಿನ್ನುತ್ತದೆ, ತಿಂದ ಗುರುತು ಒರೆಸಿದರೂ ಹೋಗುವುದಿಲ್ಲ. ರಿಪೇರಿಯವರು ಬಿಚ್ಚಿ ತೊಳೆದುಕೊಟ್ಟರು. ಒಂದು ಮೂಲೆಯಲ್ಲಿ ಮಚ್ಚೆ ಉಳಿದಿದೆ, ಫೋಟೊದಲ್ಲಿ ಕಾಣುವುದಿಲ್ಲ. ನನಗೆ ಕಾಣುತ್ತದೆ. ಈಗ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಅದರ ನೀಲಿ ಹರಳು ತೇವ ಕುಡಿದು ಗುಲಾಬಿಯಾದಾಗ ಬಾಣಲೆಯಲ್ಲಿ ಹುರಿದರೆ ಮತ್ತೆ ನೀಲಿ. ಅದಕ್ಕೇ ಅಂತ ಬೇರೆ ಬಾಣಲೆ ಇಡಿ. ಅಡುಗೆಯ ಬಾಣಲೆ ಬೇಡ, ಆ ಬಣ್ಣ ಹೊಟ್ಟೆಗೆ ಆಗುವಂಥದ್ದಲ್ಲ. ನಮ್ಮ ಮನೆಯಲ್ಲಿ ಆ ಬಾಣಲೆಗೆ 'ನಿಮ್ಮ ಸಂಡಿಗೆ ಬಾಣಲೆ' ಅಂತಲೇ ಹೆಸರು.

ಮತ್ತೆ ಕನ್ನಡಿಯ ವಿಷಯಕ್ಕೆ ಬರುತ್ತೇನೆ. ತೀರಾ ಹಳೆಯ ಎಸ್‌ಎಲ್‌ಆರ್‌ಗಳಲ್ಲಿ ಒಮ್ಮೆ ಎದ್ದ ಕನ್ನಡಿ ಎದ್ದೇ ಇರುತ್ತಿತ್ತು. ಫಿಲ್ಮು ಮುಂದಕ್ಕೆ ತಿರುಗಿಸಿದ ಮೇಲೆಯೇ ಇಳಿಯುತ್ತಿತ್ತು, ಅಲ್ಲಿಯವರೆಗೆ ಕುರುಡು. ತಾನಾಗಿಯೇ ತಕ್ಷಣ ಇಳಿಯುವ ಕನ್ನಡಿಯನ್ನು ಹಂಗರಿಯ ಡುಫ್ಲೆಕ್ಸ್ ಎಂಬ ಕ್ಯಾಮೆರಾ ಮೊದಲೇ ತೋರಿಸಿತ್ತು, ಆದರೆ ಅದು ತಯಾರಾದದ್ದೇ ಕಡಿಮೆ. ಊರಿಗೆಲ್ಲ ತಲುಪಿಸಿದ್ದು ಜಪಾನಿನ ಅಸಾಹಿಯವರು, 1954ರ ಅಸಾಹಿಫ್ಲೆಕ್ಸ್‌ನಲ್ಲಿ. ಆಮೇಲೆ ಪೆಂಟಾಕ್ಸ್ ಮಾಡಿದವರೂ ಅವರೇ. ಅಂದಿನಿಂದ ಆ ಕುರುಡು ಕಣ್ಣೆವೆ ಮುಚ್ಚಿ ತೆಗೆದಷ್ಟಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ. ಫಿಲ್ಮು ನೋಡುವಾಗ ನಾವು ನೋಡುತ್ತಿರುವುದಿಲ್ಲ.

ಮೊದಲಿಗೆ ನಾನು ಕೇಳಿಸಿದ ಸದ್ದು ಖಾಲಿ ಕ್ಯಾಮೆರಾದ್ದಲ್ಲ. ಒಳಗೆ ಫಿಲ್ಮಿದೆ, ಅದು ಮೂವತ್ತೆರಡನೆಯ ಫೋಟೊ. ಎದುರಿಗಿರುವ ಈ ಮೈಕಿಗೆ ಫೋಕಸ್ ಮಾಡಿದ್ದೆ, ಅದು ಬುಟ್ಟಿಯಷ್ಟು ದೊಡ್ಡದಾಗಿ ಬಂದಿರುತ್ತದೆ. ಗಾಜಿನ ಆಚೆ ಕೂತು ನನ್ನ ಮಾತು ಮುದ್ರಿಸಿಕೊಳ್ಳುತ್ತಿರುವವರು ಹಿಂದೆ ಪುಟ್ಟದಾಗಿ, ಸ್ವಲ್ಪ ಮಸುಕಾಗಿ. ಗುಂಡಿ ಒತ್ತುವ ಮೊದಲು ಅವರು ಗಂಭೀರವಾಗಿದ್ದರು, ಕನ್ನಡಿ ಇಳಿದ ಮೇಲೆ ನೋಡಿದರೆ ನಗುತ್ತಿದ್ದರು. ನಡುವೆ ಹೇಗಿದ್ದರೋ ನಾನು ನೋಡಲಿಲ್ಲ. ಇನ್ನು ನಾಲ್ಕು ಉಳಿದಿವೆ, ಅವೂ ಮುಗಿದು ರೀಲು ತೊಳೆಸಿದ ಮೇಲೆ ಅವರಿಗೊಂದು ಪ್ರಿಂಟು ತಂದುಕೊಡುತ್ತೇನೆ. ನಮಸ್ಕಾರ.