ಹೊರೆ ಒಂದೇ, ಒತ್ತಡ ಬೇರೆ

ಕೇಳುಗರಿಗೆ ನಮಸ್ಕಾರ.

ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಹೋದವರು ಟೊಮೆಟೊ ಬಾಕ್ಸುಗಳನ್ನು ತಲೆಯ ಮೇಲೆ ಹೊರುವವರನ್ನು ನೋಡಿರುತ್ತೀರಿ. ಬಾಕ್ಸಿನ ಕೆಳಗೆ ಬಟ್ಟೆ ಸುತ್ತಿದ ಸಿಂಬಿ ಇದ್ದರೆ ಹೊರೆ ಗುಲಗಂಜಿಯಷ್ಟೂ ಹಗುರವಾಗುವುದಿಲ್ಲ. ಆದರೂ ಅದನ್ನು ತೆಗೆದುಬಿಟ್ಟರೆ ನಾಲ್ಕು ಹೆಜ್ಜೆ ನಡೆಯುವುದೂ ಕಷ್ಟ.

15 ಕಿಲೋ ಬಾಕ್ಸು ಸುಮಾರು 150 ನ್ಯೂಟನ್ ಬಲದಿಂದ ಕೆಳಕ್ಕೆ ಒತ್ತುತ್ತದೆ. ಆ ಬಲವನ್ನು ಅದು ತಾಗುವ ಜಾಗದ ವಿಸ್ತೀರ್ಣದಿಂದ ಭಾಗಿಸಿದರೆ ಬರುವುದೇ ಒತ್ತಡ. ಬಾಕ್ಸಿನ ಗಡಸು ತಳ ತಲೆಗೆ ತಾಗುವುದು 5 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ; ಒತ್ತಡ 3 ಲಕ್ಷ ಪ್ಯಾಸ್ಕಲ್, ಅಂದರೆ ಚದರ ಮೀಟರಿಗೆ 3 ಲಕ್ಷ ನ್ಯೂಟನ್. ಉಳುಮೆಗೆ ಇಳಿದ ಟ್ರ್ಯಾಕ್ಟರಿನ ಟೈರು ಹೊಲದ ಮಣ್ಣನ್ನು ಒತ್ತುವುದು ಸುಮಾರು 1 ಲಕ್ಷದ ಆಸುಪಾಸಿನಲ್ಲಿ! ಸಿಂಬಿ ಆ ಜಾಗವನ್ನು 100 ಚದರ ಸೆಂಟಿಮೀಟರಿಗೆ ಹಿಗ್ಗಿಸಿದರೆ ಒತ್ತಡ 15 ಸಾವಿರಕ್ಕೆ ಇಳಿಯುತ್ತದೆ. ಕುತ್ತಿಗೆಯ ಮೂಳೆಗಳಿಗೆ ಮಾತ್ರ ಬಿಡುಗಡೆಯಿಲ್ಲ, ಹೊರೆ ಪೂರ್ತಿ ಅವುಗಳ ಮೇಲೆಯೇ ಇದೆ. ಅವುಗಳನ್ನು ಕಾಪಾಡಲು ತಳ್ಳುಗಾಡಿಯೇ ಬೇಕು.

ಕುಡುಗೋಲು ಮಸೆಯುವಾಗ ನಡೆಯುವುದು ಇದರ ತಿರುವುಮುರುವು. ಬಾಯಿ ತೆಳುವಾದಷ್ಟೂ ತಾಗುವ ಜಾಗ ಕಿರಿದಾಗಿ, ಅದೇ ಕೈಬಲಕ್ಕೆ ರಾಗಿಯ ದಂಟು ತುಂಡಾಗುತ್ತದೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಬಾಕ್ಸಿನೊಳಗಿನ ಹಣ್ಣಿನ ಮಾತು. ಟೊಮೆಟೊ ಗುಂಡಗಿರುವುದರಿಂದ ಎರಡು ಹಣ್ಣುಗಳು ಒಂದಕ್ಕೊಂದು ತಾಗುವುದು ಸಣ್ಣದೊಂದು ಚುಕ್ಕೆಯಲ್ಲಿ. ಮೇಲಿನ ಹಣ್ಣುಗಳ ಭಾರವೆಲ್ಲ ಇಂಥ ಕೆಲವೇ ಚುಕ್ಕೆಗಳ ಮೂಲಕ ಕೆಳಗಿಳಿಯಬೇಕು. ದೋರೆಗಾಯಿ ಗಟ್ಟಿ, ತಡೆದುಕೊಳ್ಳುತ್ತದೆ. ಮಾಗಿದ ಹಣ್ಣು ಚಪ್ಪಟೆಯಾಗುತ್ತ ತಾಗುವ ಜಾಗವನ್ನು ಹಿಗ್ಗಿಸಿಕೊಳ್ಳುತ್ತದೆ. ಒತ್ತಡ ತಾಳಬಲ್ಲಷ್ಟಕ್ಕೆ ಇಳಿಯುವ ಹೊತ್ತಿಗೆ ಒಳಗಿನ ತಿರುಳು ಜಜ್ಜಿಹೋಗಿರುತ್ತದೆ. ಸಿಪ್ಪೆ ಒಡೆಯದಿದ್ದರೆ ಮಂಡಿಯಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ದೂರದ ಊರಿಗೆ ಲಾರಿ ತಲುಪುವಷ್ಟರಲ್ಲಿ ಕೊಳೆ ಶುರುವಾಗಿರುತ್ತದೆ.

ಅಂಚು ಮೀರಿ ರಾಶಿ ತುಂಬುವುದಂತೂ ಹಣ್ಣಿಗೆ ಮಾಡುವ ಅನ್ಯಾಯ. ಪ್ಲಾಸ್ಟಿಕ್ ಬಾಕ್ಸಿನ ಗೋಡೆಗಳಿರುವುದೇ ಮೇಲಿನ ಬಾಕ್ಸುಗಳ ಭಾರ ಹೊರಲು. ಅಂಚಿನ ಮೇಲೆ ಅಂಚು ಕುಳಿತರೆ ಭಾರವೆಲ್ಲ ಗೋಡೆಯ ಗುಂಟ ನೆಲ ಸೇರುತ್ತದೆ, ಒಳಗಿನ ಹಣ್ಣಿನ ತಂಟೆಗೆ ಹೋಗುವುದಿಲ್ಲ. ಹಣ್ಣು ಉಬ್ಬಿ ನಿಂತಿದ್ದರೆ ಮೇಲಿನ ಬಾಕ್ಸು ಮೊದಲು ಕೂರುವುದು ಹಣ್ಣಿನ ಮೇಲೆ. ಐದಾರು ಬಾಕ್ಸು ಪೇರಿಸಿದಾಗ ತೀರಾ ಕೆಳಗಿನದರ ಗತಿ ಊಹಿಸಿಕೊಳ್ಳಿ. ಆದ್ದರಿಂದ ಅಂಚಿಗಿಂತ ಎರಡು ಬೆರಳಷ್ಟು ಕೆಳಗೇ ತುಂಬುವುದನ್ನು ನಿಲ್ಲಿಸಿ. ತಳದ ಸೀಳುಗಳ ಅಂಚು ಹಣ್ಣನ್ನು ಕೊರೆಯದಂತೆ ಹಳೆಯ ಪತ್ರಿಕೆಯನ್ನು ಎರಡು ಮೂರು ಪದರ ಹಾಸಿ. ತೀರಾ ಮಾಗಿದ ಹಣ್ಣುಗಳನ್ನು ಬೇರೆ ಬಾಕ್ಸಿನಲ್ಲಿ ಹಾಕಿ, ಹತ್ತಿರದ ಸಂತೆಗೆ ಕಳುಹಿಸಿ.