ಖಾಲಿ ಟ್ಯಾಂಕಿಗೆ ಬೆಂಕಿ ತೋರಿಸಬೇಡಿ

ಕೇಳುಗ ಬಂಧುಗಳೇ, ನಮಸ್ಕಾರ.

ವಿಜಯಪುರ, ಇಂಡಿ, ಸಿಂದಗಿ ಕಡೆಯ ಹಳ್ಳಿಗಳಲ್ಲಿ ರಾತ್ರಿ ಬೈಕನ್ನು ಪಡಸಾಲೆಯಲ್ಲೋ ಕಣಿಕೆಯ ಬಣವೆಯ ಪಕ್ಕದಲ್ಲೋ ನಿಲ್ಲಿಸುವವರು ಬಹಳ. ಅದರಿಂದ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಸ್ಟಾರ್ಟ್ ಮಾಡದೆ, ಹಾಗೆಯೇ ತಳ್ಳಿಕೊಂಡು ಬಯಲಿಗೆ ತನ್ನಿ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ಮೇಲೇರಿ ಚದುರದೆ ನೆಲ ಹಿಡಿದು ಹರಿಯುತ್ತದೆ. ಅಡುಗೆಮನೆಯ ಒಲೆಯನ್ನೂ ದೇವರ ಮುಂದಿನ ದೀಪವನ್ನೂ ತಲುಪುತ್ತದೆ.

ಮುಚ್ಚಳದ ಸುತ್ತ ಮಾತ್ರ ಒದ್ದೆಯಿದ್ದರೆ, ಗಂಟಲಮಟ ತುಂಬಿಸಿದ್ದು ಕಾರಣವಿರಬಹುದು. 10 ಲೀಟರ್ ಪೆಟ್ರೋಲ್ 20 ಡಿಗ್ರಿ ಹೆಚ್ಚು ಕಾದರೆ ಸುಮಾರು 200 ಮಿಲಿಲೀಟರ್ ಹಿಗ್ಗುತ್ತದೆ. ನಮ್ಮ ಬೇಸಿಗೆಗೆ ಅದೇನು ದೊಡ್ಡ ಮಾತಲ್ಲ.

ಹನಿ ಬೀಳುವ ಕಡೆಯೇ ಸೋರಿಕೆ ಎಂದು ತಿಳಿಯಬೇಡಿ. ಪೆಟ್ರೋಲ್ ಟ್ಯಾಂಕಿನ ಅಂಚು ಹಿಡಿದು ಜಾರಿ, ಬೇರೆಲ್ಲೋ ತೊಟ್ಟಿಕ್ಕುತ್ತದೆ. ಎಂಜಿನ್ ತಣ್ಣಗಾದ ಮೇಲೆ ಟ್ಯಾಂಕಿನ ತಳವನ್ನು ಒಣಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಪುಡಿ ಸವರಿ. ಎಲ್ಲಕ್ಕಿಂತ ಮೇಲೆ ಎಲ್ಲಿ ಪುಡಿ ನೆನೆಯುತ್ತದೋ ಅಲ್ಲಿಂದಲೇ ಸೋರುತ್ತಿದೆ.

ಹಳೆಯ ಬೈಕಾದರೆ ನನ್ನ ಮೊದಲ ಅನುಮಾನ ಪೆಟ್ರೋಲ್ ಕಾಕ್, ಅಂದರೆ ಟ್ಯಾಂಕಿನ ತಳದಲ್ಲಿ ಪೆಟ್ರೋಲ್ ಬಿಡುವ, ನಿಲ್ಲಿಸುವ ನಲ್ಲಿಯ ಮೇಲೆ. ಒಳಗಿನ ರಬ್ಬರ್ ವಾಷರ್ ಗಡುಸಾಗಿ, ಉಗುರು ಒತ್ತಿದರೂ ತಗ್ಗು ಬೀಳದಂತಾಗಿರುತ್ತದೆ. ಬೋಲ್ಟನ್ನು ಇನ್ನಷ್ಟು ಬಿಗಿದರೆ ವಾಷರ್ ನಜ್ಜಾಗುತ್ತದೆಯೇ ಹೊರತು ಸೋರುವುದು ನಿಲ್ಲುವುದಿಲ್ಲ. ಟ್ಯಾಂಕ್ ಖಾಲಿ ಮಾಡಿ ಹೊಸ ವಾಷರ್ ಹಾಕಿಸಿ. ಪೈಪ್ ಬಿರುಕು ಬಿಟ್ಟಿದ್ದರೆ ಪೆಟ್ರೋಲಿಗೆಂದೇ ಮಾಡಿದ ಪೈಪನ್ನೇ ಕೇಳಿ ತನ್ನಿ; ಸಿಕ್ಕ ಪ್ಲಾಸ್ಟಿಕ್ ನಳಿಕೆ ಬೇಡ. ಇಂಜೆಕ್ಷನ್ ಇರುವ, ಅಂದರೆ ಪಂಪಿನಿಂದ ಒತ್ತಿ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಹೊಸ ಬೈಕುಗಳಲ್ಲಿ ಪೈಪಿನೊಳಗೆ ಒತ್ತಡವಿರುತ್ತದೆ, ಅದನ್ನು ಮೆಕ್ಯಾನಿಕ್ಕೇ ಬಿಚ್ಚಲಿ.

ತುಕ್ಕು ತಿಂದು ತಗಡಿಗೇ ತೂತು ಬಿದ್ದಿದ್ದರೆ? ಮೈಸೋಪು ತಿಕ್ಕಿ ಮೆತ್ತುವುದು ತಾತ್ಕಾಲಿಕ ಉಪಾಯ, ಅಷ್ಟೇ. ಹಲವರು ಪೆಟ್ರೋಲ್ ಸುರಿದು ಖಾಲಿ ಮಾಡಿದ ಟ್ಯಾಂಕನ್ನು ನೇರವಾಗಿ ವೆಲ್ಡಿಂಗ್ ಅಂಗಡಿಗೆ ಒಯ್ಯುತ್ತಾರೆ. ನನಗೆ ಎದೆ ನಡುಗುವುದು ಇಲ್ಲಿಯೇ. ಗಾಳಿಯಲ್ಲಿ ಶೇಕಡ 1.4ರಿಂದ 7.6ರಷ್ಟು ಪೆಟ್ರೋಲ್ ಆವಿ ಬೆರೆತಿದ್ದರೆ ಒಂದು ಕಿಡಿ ಸಾಕು, ಸಿಡಿಯುತ್ತದೆ. ಖಾಲಿ ಟ್ಯಾಂಕಿನೊಳಗೆ ಗಾಳಿ ಸೇರಿ ಆಗುವುದು ಅಂಥದ್ದೇ ಮಿಶ್ರಣ. ಸೋಪಿನ ನೀರಿನಿಂದ ಮತ್ತೆ ಮತ್ತೆ ತೊಳೆದು, ತೂತಿನ ಜಾಗವಷ್ಟೇ ಬಿಟ್ಟು ನೀರು ತುಂಬಿಸಿ, ಮುಚ್ಚಳ ತೆರೆದಿಟ್ಟು ವೆಲ್ಡಿಂಗ್ ಮಾಡುವುದು ತಿಳಿದವರ ರೀತಿ. ಅಷ್ಟು ಪುರಸೊತ್ತು ಇಲ್ಲ ಎನ್ನುವ ಅಂಗಡಿಯಿಂದ ಟ್ಯಾಂಕನ್ನು ವಾಪಸ್ ತೆಗೆದುಕೊಂಡು ಬನ್ನಿ.